ಬರ್ತಾ ಬೆಂಜ್: ಕಾರಿನ ಬ್ರೇಕಿಗೆ ಚರ್ಮ ಹೊಡೆಸಿದ ಹೆಂಗಸು

ಮಡಿಕೇರಿಯಿಂದ ಜೋಡುಪಾಲ, ಸಂಪಾಜೆ ದಾಟಿ ಇಳಿದು ಬಂದ ಕಾರುಗಳು ಕಲ್ಲುಗುಂಡಿಯಲ್ಲಿ ಚಾ ಕುಡಿಯಲು ನಿಂತಾಗ ಮುಂದಿನ ಚಕ್ರದ ಹತ್ತಿರ ಒಂದು ವಾಸನೆ ಉಂಟು. ಕ್ಲಚ್ಚಿನ ವಾಸನೆ ಅಲ್ಲ, ರಬ್ಬರಿನದೂ ಅಲ್ಲ. ಅದು ಬೆಂದ ಬ್ರೇಕ್ ಪ್ಯಾಡಿನ ವಾಸನೆ. ಪುತ್ತೂರು, ಸುಳ್ಯ, ಕಡಬದ ಕಡೆ ಕಾರಿನ ಹುಚ್ಚಿರುವ ಹುಡುಗರಿಗೆಲ್ಲ ಈ ವಾಸನೆ ಗೊತ್ತು. ಇವರಲ್ಲಿ ಸ್ವಿಫ್ಟ್ ಇದ್ದವರುಂಟು, ಹಳೆ ಪೋಲೋ ಜಿಟಿ ಹುಡುಕಿ ತಂದವರುಂಟು, ಸಾಲ ಮಾಡಿ ಐ20 ಎನ್ ಲೈನ್ ತೆಗೆದವರುಂಟು. ಕೈಗೆ ಕಾರು ಬಂದ ಮೂರನೇ ತಿಂಗಳಿಗೆ ಇಂಜಿನ್ ರೀಮ್ಯಾಪ್ ಆಗಿರುತ್ತದೆ, ಸೈಲೆನ್ಸರ್ ಬದಲಾಗಿರುತ್ತದೆ. ಬ್ರೇಕ್ ಮಾತ್ರ ಶೋರೂಮಿನಿಂದ ಬಂದದ್ದೇ. ಅದರ ನೆನಪಾಗುವುದು ಬಿಸಿಲೆ ಘಾಟಿಯ ಯಾವುದೋ ತಿರುವಿನಲ್ಲಿ ಪೆಡಲ್ ಹತ್ತಿಯ ಹಾಗೆ ಒಳಗೆ ಹೋದಾಗ.

ಕಾರಿನ ಚರಿತ್ರೆಯಲ್ಲಿ ಮೊದಲ ಬ್ರೇಕ್ ಅಪ್‌ಗ್ರೇಡ್ ಎಂದು ಹೆಸರಾದದ್ದು ಕೂಡ ಹೀಗೇ ಒಂದು ಗುಡ್ಡದ ಇಳಿಜಾರಿನಲ್ಲಿ ಆಯಿತು. ಮಾಡಿಸಿದ್ದು ಮೂವತ್ತೊಂಬತ್ತು ವರ್ಷದ ಒಬ್ಬ ತಾಯಿ, ಮಾಡಿದ್ದು ಒಬ್ಬ ಚಮ್ಮಾರ. ಅವಳ ಹೆಸರು ಬರ್ತಾ ಬೆಂಜ್. ಗಂಡನ ಹೆಸರು ಇವತ್ತಿಗೂ ಕಾರಿನ ಮೂತಿಯ ಮೇಲೆ ಓಡಾಡುತ್ತಿದೆ. ಚಮ್ಮಾರನ ಹೆಸರು ಉಳಿದಿಲ್ಲ.

ಬರ್ತಾ ರಿಂಗರ್ ಹುಟ್ಟಿದ್ದು 1849ರ ಮೇ 3ರಂದು, ಈಗಿನ ಜರ್ಮನಿಯ ನೈರುತ್ಯದ ಪ್ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ. ಅಪ್ಪ ಬಡಗಿ ಕೆಲಸದಿಂದ ಮೇಲೆ ಬಂದು ಕಟ್ಟಡ ಕಟ್ಟಿಸುವ ಮಟ್ಟಕ್ಕೆ ಏರಿದವನು. ಕೈಯಲ್ಲಿ ನಾಲ್ಕು ಕಾಸು ಇತ್ತು. ಮಗಳು ಹುಟ್ಟಿದ ದಿನ ಅವನು ಮನೆಯ ಬೈಬಲಿನಲ್ಲಿ ದುರದೃಷ್ಟಕ್ಕೆ ಮತ್ತೆ ಹೆಣ್ಣೇ ಆಯಿತು ಎಂಬರ್ಥದ ಒಂದು ಸಾಲು ಬರೆದಿಟ್ಟ. ಸ್ವಲ್ಪ ದೊಡ್ಡವಳಾದ ಮೇಲೆ ಹುಡುಗಿ ಅದನ್ನು ಓದಿದಳು ಎಂದು ಮನೆಯವರು ಹೇಳುತ್ತಾ ಬಂದಿದ್ದಾರೆ. ಯಂತ್ರ ಅಂದರೆ ಅವಳಿಗೆ ಚಿಕ್ಕಂದಿನಿಂದ ಕುತೂಹಲ. ಆದರೆ ಇಂಜಿನಿಯರಿಂಗ್ ಓದುವ ಪ್ರಶ್ನೆಯೇ ಇರಲಿಲ್ಲ. ಆ ರಾಜ್ಯದ, ಅಂದರೆ ಬಾಡೆನ್ನಿನ, ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸರಿಯಾಗಿ ದಾಖಲು ಮಾಡಿಕೊಂಡದ್ದು 1900ರಲ್ಲಿ. ಅಷ್ಟು ಹೊತ್ತಿಗೆ ಬರ್ತಾಳಿಗೆ ಐವತ್ತೊಂದು.

ಇಪ್ಪತ್ತರ ಹರೆಯದಲ್ಲಿ ಅವಳು ಕಾರ್ಲ್ ಬೆಂಜ್ ಎಂಬ ಯುವಕನನ್ನು ಮೆಚ್ಚಿದಳು. ಕಾರ್ಲ್ ರೈಲು ಇಂಜಿನ್ ಡ್ರೈವರನ ಮಗ. ತಂದೆ ಇವನ ಎಳವೆಯಲ್ಲೇ ತೀರಿಕೊಂಡಿದ್ದ. ಕಾರ್ಲ್‌ರೂಹೆಯಲ್ಲಿ ಯಂತ್ರಶಾಸ್ತ್ರ ಓದಿ, ಮಾನ್‌ಹೈಮ್ ಎಂಬ ಊರಿನಲ್ಲಿ 1871ರಲ್ಲಿ ಆಗಸ್ಟ್ ರಿಟ್ಟರ್ ಎಂಬವನ ಜೊತೆ ಸೇರಿ ವರ್ಕ್‌ಶಾಪ್ ಹಾಕಿದ್ದ. ಪಾಲುದಾರ ನಂಬಿಕಸ್ತನಲ್ಲ ಎಂದು ಬೇಗ ಗೊತ್ತಾಯಿತು. ಜಾಗ ಉಳಿಯಬೇಕಾದರೆ ಅವನ ಪಾಲು ಕೊಂಡು ಅವನನ್ನು ಕಳಿಸಬೇಕು, ಕಾರ್ಲ್ ಹತ್ತಿರ ದುಡ್ಡಿಲ್ಲ. ಆಗ ಬರ್ತಾ ತನ್ನ ವರದಕ್ಷಿಣೆಯ ಹಣವನ್ನು ಮದುವೆಗೆ ಮೊದಲೇ ಅಪ್ಪನಿಂದ ಕೇಳಿ ಪಡೆದು ಇದಕ್ಕೆ ಹಾಕಿದಳು. 1872ರ ಜುಲೈ 20ಕ್ಕೆ ಮದುವೆ ಆಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ವರದಕ್ಷಿಣೆ ಎಂದ ಕೂಡಲೇ ನಮಗೆ ನೆನಪಾಗುವುದೇ ಬೇರೆ, ಅದು ನೆನಪಾಗಬೇಕಾದದ್ದೂ ಹೌದು. ಬರ್ತಾಳ ವಿಷಯದಲ್ಲಿ ಅದು ಅಪ್ಪನ ಆಸ್ತಿಯಲ್ಲಿ ಮಗಳಿಗೆ ಸಿಗುತ್ತಿದ್ದ ಪಾಲು. ಮದುವೆಗೆ ಮುಂಚೆ ಆ ಹಣವನ್ನು ಎಲ್ಲಿ ಹಾಕಬೇಕು ಎಂದು ಅವಳು ಮಾತು ನಡೆಸಬಹುದಿತ್ತು. ಮದುವೆಯಾದ ಮರುದಿನದಿಂದ ಕಾನೂನಿನ ಕಣ್ಣಿಗೆ ಅವಳ ಆಸ್ತಿ ಗಂಡನ ಉಸ್ತುವಾರಿಗೆ ಹೋಯಿತು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅವಳು ಆ ಸ್ಟಾರ್ಟಪ್ಪಿನ ಮೊದಲ ಇನ್ವೆಸ್ಟರ್, ಆದರೆ ಕಂಪನಿಯಲ್ಲಿ ಒಂದು ಷೇರೂ ಅವಳ ಹೆಸರಲ್ಲಿ ಇಲ್ಲ. 1886ರ ಜನವರಿ 29ರಂದು ಗ್ಯಾಸ್ ಇಂಜಿನ್ನಿನಿಂದ ಓಡುವ ಗಾಡಿಗೆ ಪೇಟೆಂಟ್ ಅರ್ಜಿ ಹೋಯಿತು, ನಂಬರ್ 37435. ಕಾರಿನ ಜನನ ಪ್ರಮಾಣಪತ್ರ ಎಂದು ಜಗತ್ತು ಒಪ್ಪಿಕೊಂಡಿರುವುದು ಅದನ್ನೇ. ಅದರಲ್ಲಿ ಇರುವುದು ಗಂಡನ ಹೆಸರು ಮಾತ್ರ.

ನಡುವಿನ ಹದಿನಾಲ್ಕು ವರ್ಷದ ಕತೆ ಬಡತನದ್ದು. ಮಕ್ಕಳಾದವು: ಓಯ್ಗೆನ್, ರಿಚರ್ಡ್, ಕ್ಲಾರಾ, ಟಿಲ್ಡೆ, ಎಲ್ಲೆನ್ ಹುಟ್ಟಿದ್ದು ತಡವಾಗಿ, 1890ರಲ್ಲಿ. ಸಾಲ ಇತ್ತು, ಸಾಮಾನು ಜಪ್ತಿಗೆ ಬಂದದ್ದಿತ್ತು. 1879ರ ಕೊನೆಯ ದಿನದ ರಾತ್ರಿ ಗಂಡಹೆಂಡತಿ ವರ್ಕ್‌ಶಾಪಿಗೆ ಹೋಗಿ, ಅಷ್ಟರವರೆಗೆ ಹಠ ಹಿಡಿದಿದ್ದ ಟೂ-ಸ್ಟ್ರೋಕ್ ಇಂಜಿನ್ನನ್ನು ಕೊನೆಗೂ ಓಡಿಸಿದರು. ಎಲ್ಲರೂ ಕೈಬಿಟ್ಟ ಹೊತ್ತಿನಲ್ಲಿ ಜೊತೆ ನಿಂತವಳು ಹೆಂಡತಿ ಒಬ್ಬಳೇ ಎಂದು ಕಾರ್ಲ್ ಮುದಿವಯಸ್ಸಿನಲ್ಲಿ ತನ್ನ ಆತ್ಮಕತೆಯಲ್ಲಿ ಒಪ್ಪಿಕೊಂಡಿದ್ದಾನೆ.

ಪೇಟೆಂಟ್ ಬಂತು, ಆದರೆ ಗಾಡಿ ಮಾರಾಟ ಆಗಲಿಲ್ಲ. ಕಾರ್ಲ್ ಒಳ್ಳೆಯ ಇಂಜಿನಿಯರ್, ಆದರೆ ಕೈಯಿಂದ ಏನನ್ನೂ ಬಿಡದ ಸ್ವಭಾವ. ಇನ್ನೊಂದು ಸ್ಕ್ರೂ ಸರಿಯಾಗಬೇಕು, ಇನ್ನೊಂದು ವಾಲ್ವ್ ನೋಡಬೇಕು. ಇಂಥವರು ನನ್ನ ಇಂಜಿನಿಯರಿಂಗ್ ಕ್ಲಾಸಿನಲ್ಲಿ ನಾಲ್ಕು ಜನ ಇದ್ದರು. ಗಾಡಿಯ ಓಡಾಟ ಮಾನ್‌ಹೈಮ್ ಸುತ್ತಮುತ್ತಲಿನ ಸಪಾಟು ನೆಲದಲ್ಲೇ, ಕೆಲವೇ ಕಿಲೋಮೀಟರು. ಜನ ನೋಡಿ ನಗುತ್ತಿದ್ದರು, ಯಾರೂ ದುಡ್ಡು ಬಿಚ್ಚುತ್ತಿರಲಿಲ್ಲ. ನಿಜವಾದ ರಸ್ತೆಯಲ್ಲಿ, ನಿಜವಾದ ದೂರಕ್ಕೆ, ಗುಡ್ಡ ಹತ್ತಿಸಿ ಇಳಿಸಿ ತೋರಿಸದೆ ಇದು ಆಟಿಕೆಯಾಗಿಯೇ ಉಳಿಯುತ್ತದೆ ಎಂಬುದು ಬರ್ತಾಳಿಗೆ ಗೊತ್ತಿತ್ತು.

1888ರ ಆಗಸ್ಟ್. ಮಕ್ಕಳಿಗೆ ಶಾಲೆ ರಜೆ. ಬೆಳಗಿನ ಜಾವ ಕಾರ್ಲ್ ಇನ್ನೂ ಮಲಗಿರುವಾಗ ಬರ್ತಾ ಹದಿನೈದರ ಓಯ್ಗೆನ್, ಹದಿಮೂರರ ರಿಚರ್ಡ್ ಇಬ್ಬರನ್ನೂ ಎಬ್ಬಿಸಿಕೊಂಡು ಮೂರು ಚಕ್ರದ ಆ ಗಾಡಿಯನ್ನು ಹೊರಗೆ ತೆಗೆದಳು. ತವರುಮನೆಗೆ ಹೊರಟದ್ದು. ಒಂದು ದಿಕ್ಕಿಗೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಹೆಚ್ಚುಕಡಿಮೆ ಪುತ್ತೂರಿನಿಂದ ಸುಳ್ಯ ಮಾರ್ಗವಾಗಿ ಮಡಿಕೇರಿ ದಾಟಿ ಹೋದಷ್ಟು. ರಸ್ತೆ ಎಂದರೆ ಕುದುರೆಗಾಡಿಯ ಜಾಡು. ಪೆಟ್ರೋಲ್ ಬಂಕ್ ಎಂಬ ಪದವೇ ಹುಟ್ಟಿರಲಿಲ್ಲ.

ಮುಂದಿನದು ಬಹಳ ಸಲ ಹೇಳಿ ಹೇಳಿ ಮಕ್ಕಳ ಕತೆಯಂತೆ ಆಗಿಬಿಟ್ಟಿದೆ. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಗ್ನಿಷನ್ ವಯರಿನ ಹೊದಿಕೆ ಹರಿದಾಗ ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿಯನ್ನೇ ಸುತ್ತಿದಳು. ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರಾವಣ ಕೊಂಡು ಟ್ಯಾಂಕಿಗೆ ಸುರಿದಳು. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಆ ಅಂಗಡಿ ಇವತ್ತಿಗೂ ಹೇಳಿಕೊಳ್ಳುತ್ತದೆ. ಚೈನ್ ಸಡಿಲಾದಾಗ ಕಮ್ಮಾರ ಸಿಕ್ಕಿದ. ಏರು ಬಂದಾಗ ತಾಯಿ ಮಕ್ಕಳು ಸೇರಿ ತಳ್ಳಿದರು. ಟೋಪಿ ಪಿನ್ನು, ಕಾಲುಚೀಲದ ಪಟ್ಟಿ ಎಲ್ಲರ ಬಾಯಲ್ಲೂ ಉಂಟು, ಯಾಕೆಂದರೆ ಹೆಂಗಸು ಅಲಂಕಾರದ ಸಾಮಾನಿನಿಂದ ಯಂತ್ರ ರಿಪೇರಿ ಮಾಡಿದಳು ಎಂಬ ಚಿತ್ರ ಕೇಳುವವರಿಗೆ ಮುದ್ದಾಗಿ ಕಾಣುತ್ತದೆ. ನನಗೆ ಅದಕ್ಕಿಂತ ಬ್ರೇಕಿನ ಕತೆ ದೊಡ್ಡದು.

ಆ ಗಾಡಿಯ ಹಿಂದಿನ ಚಕ್ರಗಳನ್ನು ಒತ್ತಿ ಹಿಡಿಯುವುದಕ್ಕೆ ಇದ್ದದ್ದು ಮರದ ತುಂಡು. ಎತ್ತಿನಗಾಡಿ, ಕುದುರೆಗಾಡಿಯಲ್ಲಿ ಇದ್ದಂಥದ್ದೇ. ಸಪಾಟು ಮಾನ್‌ಹೈಮಿನಲ್ಲಿ ಅಷ್ಟು ಸಾಕಿತ್ತು. ಪ್ಫೋರ್ಟ್ಸ್‌ಹೈಮ್ ಇರುವುದು ಕರಿಕಾಡು ಎಂಬ ಬೆಟ್ಟಸೀಮೆಯ ಅಂಚಿನಲ್ಲಿ. ಅಲ್ಲಿನ ಇಳಿಜಾರುಗಳಲ್ಲಿ ಮರ ತಿಕ್ಕಿ ತಿಕ್ಕಿ ಸವೆದುಹೋಯಿತು. ಕುದುರೆಗಾಡಿಯಲ್ಲಾದರೆ ಕುದುರೆಯೂ ಹಿಂದಕ್ಕೆ ಒತ್ತಿ ಹಿಡಿಯುತ್ತದೆ. ಇಲ್ಲಿ ಕುದುರೆ ಇಲ್ಲ. ಬೌಶ್‌ಲೋಟ್ ಎಂಬ ಹಳ್ಳಿಯಲ್ಲಿ ಬರ್ತಾ ಒಬ್ಬ ಚಮ್ಮಾರನನ್ನು ಹುಡುಕಿ, ಆ ಮರದ ತುಂಡುಗಳಿಗೆ ಚರ್ಮ ಹೊಡೆದುಕೊಡಲು ಹೇಳಿದಳು. ಚರ್ಮ ಹಿಡಿಯಿತು. ಸವೆದರೆ ಮರ ಸವೆಯುವುದಿಲ್ಲ, ಚರ್ಮ ಮಾತ್ರ ಬದಲಿಸಿದರಾಯಿತು. ಗಾಡಿಯ ಬ್ರೇಕಿನ ಮೈ ಬೇರೆ, ತಿಕ್ಕಿ ಸವೆಯುವ ಪದರ ಬೇರೆ ಎಂಬ ಯೋಚನೆ ಇದೇ. ನಿಮ್ಮ ಕಾರಿನ ಬ್ರೇಕ್ ಶೂ, ಪ್ಯಾಡು, ಗ್ಯಾರೇಜಿನವರು ಲೈನರ್ ಎನ್ನುವುದು, ಎಲ್ಲ ಅಲ್ಲಿಂದ ಬಂದ ವಂಶ.

ಆ ಕಾಲಕ್ಕೆ ಆ ಚಮ್ಮಾರ ಜರ್ಮನಿಯಲ್ಲಿ ಕಸುಬುದಾರ, ಊರೊಳಗೆ ಅಂಗಡಿ ಇಟ್ಟವನು. ಅದೇ ಹೊತ್ತಿಗೆ ನಮ್ಮಲ್ಲಿ ಚರ್ಮದ ಕೆಲಸ ಬಲ್ಲವರನ್ನು ಊರ ಹೊರಗೆ ಇಟ್ಟಿದ್ದೆವು. ಹನ್ನೆರಡನೇ ಶತಮಾನದ ಹರಳಯ್ಯನ ಹೆಸರನ್ನು ಭಾಷಣದಲ್ಲಿ ಹೇಳಿ, ಚರ್ಮದ ಅಂಟು, ಹದ, ಹಿಡಿತ ಇವೆಲ್ಲ ಒಂದು ವಿದ್ಯೆ ಎಂದು ಒಪ್ಪದ ಸಮಾಜ ನಮ್ಮದು. ಆರು ಸೆಮಿಸ್ಟರ್ ಯಂತ್ರಶಾಸ್ತ್ರ ಓದಿದ ಮೇಲೂ ಘರ್ಷಣೆಯ ಪದರದ ಬಗ್ಗೆ ನನಗೆ ಗೊತ್ತಿದ್ದದ್ದು ಒಂದು ಸೂತ್ರ ಮಾತ್ರ.

ಸೂತ್ರದ ಮಾತು ಬಂದದ್ದಕ್ಕೆ ಒಂದು ಲೆಕ್ಕ. ಮಡಿಕೇರಿಯಿಂದ ಸುಳ್ಯಕ್ಕೆ ಬರುವಷ್ಟರಲ್ಲಿ ಕಾರು ಸುಮಾರು 1000 ಮೀಟರ್ ಕೆಳಗಿಳಿಯುತ್ತದೆ. ಇಬ್ಬರು ಕೂತ ಹ್ಯಾಚ್‌ಬ್ಯಾಕಿನ ತೂಕ 1200 ಕೆಜಿ ಎಂದಿಟ್ಟುಕೊಳ್ಳಿ. ಆ ಎತ್ತರದ ಶಕ್ತಿ ಸುಮಾರು 1.2 ಕೋಟಿ ಜೂಲ್. ಅಷ್ಟು ಶಾಖದಲ್ಲಿ 35 ಲೀಟರಿಗೂ ಹೆಚ್ಚು ತಣ್ಣೀರು ಕುದಿಯುತ್ತದೆ, ಅಂದರೆ ಬಚ್ಚಲಿನ ಒಂದು ಹಂಡೆ. ಸ್ವಲ್ಪ ಗಾಳಿಗೆ ಹೋಗುತ್ತದೆ, ಸ್ವಲ್ಪ ಟೈರಿಗೆ. ಎರಡನೇ, ಮೂರನೇ ಗಿಯರಿನಲ್ಲಿ ಇಳಿಸಿದರೆ ಬಹಳಷ್ಟನ್ನು ಇಂಜಿನ್ ತೆಗೆದುಕೊಳ್ಳುತ್ತದೆ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಮಹಾನುಭಾವರ ಕಾರಿನಲ್ಲಿ ಆ ಹಂಡೆ ಕುದಿಯುವುದು ಬ್ರೇಕಿನ ಮೇಲೆ. ವೇಗದ ಲೆಕ್ಕ ಇನ್ನೂ ಕೆಟ್ಟದ್ದು. ಗಂಟೆಗೆ 60 ಕಿ.ಮೀ. ಇದ್ದದ್ದು 80 ಆದರೆ ಬ್ರೇಕ್ ನುಂಗಬೇಕಾದ ಶಕ್ತಿ ಮೂರನೇ ಒಂದು ಪಾಲು ಹೆಚ್ಚುವುದಿಲ್ಲ, ಹತ್ತಿರ ಹತ್ತಿರ 78 ಶೇಕಡಾ ಹೆಚ್ಚುತ್ತದೆ.

ಹಾಗಾಗಿ ಘಾಟಿಯಲ್ಲಿ ಜೋರಾಗಿ ಓಡಿಸುವ ಆಸೆ ಇದ್ದವರು ಮಾಡಬೇಕಾದ ಮೊದಲ ಕೆಲಸ ಬರ್ತಾ ಮಾಡಿದ್ದೇ: ತಿಕ್ಕುವ ಪದರ ಬದಲಿಸುವುದು. ಹೆಚ್ಚು ಶಾಖ ತಡೆಯುವ ಒಳ್ಳೆಯ ಪ್ಯಾಡು. ಆದರೆ ರೇಸಿನ ಪ್ಯಾಡು ಬೇಡ. ಅದು ಬಿಸಿಯಾಗದೆ ಹಿಡಿಯುವುದಿಲ್ಲ, ಬೆಳಿಗ್ಗೆ ಮನೆಯಿಂದ ಹೊರಡುವಾಗ ಎದುರು ದನ ಬಂದರೆ ಗತಿ ಕಷ್ಟ. ಎರಡನೆಯದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುವ ನಮ್ಮೂರಿನಲ್ಲಿ ತೇವಕ್ಕೆ ಬರವಿಲ್ಲ. ಆಯಿಲ್ ಕುದಿದರೆ ಪೈಪಿನಲ್ಲಿ ಗುಳ್ಳೆ, ಗುಳ್ಳೆ ಆದರೆ ಪೆಡಲ್ ಸೀದಾ ಕೆಳಗೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲು ಆಗುವ ಖರ್ಚು ಆ ಸೈಲೆನ್ಸರಿನ ಮುಂದೆ ಏನೇನೂ ಅಲ್ಲ. ಮೂರನೆಯದು ಟೈರು. ಬ್ರೇಕ್ ಚಕ್ರವನ್ನು ನಿಲ್ಲಿಸುತ್ತದೆ ಅಷ್ಟೆ, ಕಾರನ್ನು ನಿಲ್ಲಿಸುವುದು ಟೈರು. ಒಂದೇ ಸಲ ಒತ್ತಿದಾಗಲೇ ಎಬಿಎಸ್ ಕೆಲಸ ಶುರುಮಾಡುತ್ತಿದ್ದರೆ ದೊಡ್ಡ ಡಿಸ್ಕ್ ಹಾಕಿದ ಮಾತ್ರಕ್ಕೆ ಕಾರು ಬೇಗ ನಿಲ್ಲುವುದಿಲ್ಲ. ದೊಡ್ಡ ಡಿಸ್ಕಿನ ಲಾಭ ಇರುವುದು ಮತ್ತೆ ಮತ್ತೆ ಒತ್ತುವಾಗ ಶಾಖ ತಡೆದುಕೊಳ್ಳುವುದರಲ್ಲಿ. ಮುಂದೆ ಮಾತ್ರ ದೊಡ್ಡದು ಹಾಕಿ ಹಿಂದಿನ ಡ್ರಮ್ ಹಾಗೇ ಬಿಟ್ಟರೆ ಮುಂದೆ–ಹಿಂದೆ ಇರಬೇಕಾದ ಸಮತೋಲ ತಪ್ಪುತ್ತದೆ. ಕ್ಯಾಲಿಪರಿಗೆ ಕೆಂಪು ಬಣ್ಣ ಬಳಿಯುವುದರಿಂದ ಆಗುವ ಲಾಭ ಎಂತ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಬರ್ತಾಳಿಗೆ ಇಲ್ಲದ ಇನ್ನೊಂದು ತಲೆನೋವು ನಮಗುಂಟು. ಅವಳು ಚರ್ಮ ಹೊಡೆಸಿದ ಸರಿಯಾಗಿ ನೂರು ವರ್ಷಕ್ಕೆ, 1988ರಲ್ಲಿ, ನಮ್ಮ ಮೋಟಾರು ವಾಹನ ಕಾಯ್ದೆ ಬಂತು. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ ಅದರ 52ನೇ ಸೆಕ್ಷನ್; 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಓದಿತು. ಸವೆದ ಪ್ಯಾಡು, ಹಳೆ ಆಯಿಲ್ ಬದಲಿಸುವುದು ಮಾಮೂಲಿ ನಿರ್ವಹಣೆ. ಕ್ಯಾಲಿಪರ್, ಡಿಸ್ಕ್ ಅಳತೆಗೆ ಕೈಹಾಕುವ ಮೊದಲು ಪುತ್ತೂರಿನ ಆರ್‌ಟಿಒ ಕಚೇರಿಯನ್ನೂ ಇನ್ಶೂರೆನ್ಸ್ ಕಂಪನಿಯನ್ನೂ ಕೇಳುವುದು ಒಳ್ಳೆಯದು. ಸದ್ದು ಮಾಡುವ ಸೈಲೆನ್ಸರನ್ನು ಹಿಡಿಯಲು ರಸ್ತೆಯಲ್ಲಿ ಪೊಲೀಸರು ಸಿಗುತ್ತಾರೆ. ಸವೆದ ಲೈನರನ್ನು ಹಿಡಿಯುವವರು ಸಿಗುವುದಿಲ್ಲ.

ಸಂಜೆ ಕತ್ತಲಾಗುವ ಹೊತ್ತಿಗೆ ಬರ್ತಾ ತವರು ತಲುಪಿದಳು, ಕಾರ್ಲ್‌ಗೆ ತಂತಿ ಕಳಿಸಿದಳು. ಕೆಲವು ದಿನ ಬಿಟ್ಟು ಅದೇ ಗಾಡಿಯಲ್ಲಿ ವಾಪಸು. ಬಂದವಳು ಸುಮ್ಮನೆ ಪ್ರವಾಸದ ಕತೆ ಹೇಳಲಿಲ್ಲ, ಏನೇನು ಸರಿಯಿಲ್ಲ ಎಂದು ಹೇಳಿದಳು. ಏರಿಗೆ ಇನ್ನೊಂದು ಕಡಿಮೆ ಗಿಯರು ಬೇಕು. ಬ್ರೇಕಿಗೆ ಹೊದಿಕೆ ಬೇಕು. ಕಾರ್ಲ್ ಎರಡನ್ನೂ ಮಾಡಿದ. ಕಂಪನಿಗಳು ಇವತ್ತು ಕೋಟಿಗಟ್ಟಲೆ ಸುರಿದು ಮಾಡಿಸುವ ರೋಡ್ ಟೆಸ್ಟ್ ಇದೇ, ಅವಳಿಗೆ ಅದರ ಸಂಬಳ ಇರಲಿಲ್ಲ. ಮುಂದಿನ ತಿಂಗಳೇ ಮ್ಯೂನಿಕ್ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂತು. ಆ ಶತಮಾನ ಮುಗಿಯುವಾಗ ಬೆಂಜ್ ಜಗತ್ತಿನ ಅತಿ ದೊಡ್ಡ ಕಾರು ಕಂಪನಿ.

ಚರ್ಮ ಹೆಚ್ಚು ದಿನ ಉಳಿಯಲಿಲ್ಲ. ವೇಗ ಹೆಚ್ಚಿದ ಹಾಗೆ ಅದು ಸುಡತೊಡಗಿತು. 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಇಂಥದ್ದೇ ಗುಡ್ಡದ ಸೀಮೆಯಲ್ಲಿ ಗಾಡಿಯವರು ಹಳೆ ಬೂಟನ್ನು ಬ್ರೇಕಿಗೆ ಕಟ್ಟುವುದನ್ನು ನೋಡಿ, ಅಂಟು ಕುಡಿಸಿದ ಹತ್ತಿಪಟ್ಟಿಯ ಲೈನಿಂಗ್ ಮಾಡಿದ. ಫೆರೋಡೊ ಕಂಪನಿ ಅವನದೇ. ಹತ್ತು ವರ್ಷ ಕಳೆದ ಮೇಲೆ ಹತ್ತಿಯ ಜಾಗಕ್ಕೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬಂತು. ಅದು ಶಾಖ ತಡೆಯಿತು, ಅದರ ಧೂಳು ಕೆಲಸಗಾರರ ಶ್ವಾಸಕೋಶ ಹೊಕ್ಕಿತು. ಎಷ್ಟೋ ದೇಶಗಳು ಅದನ್ನು ನಿಷೇಧಿಸಿವೆ. ಭಾರತ ಈಗಲೂ ಕಲ್ನಾರನ್ನು ಹೊರಗಿನಿಂದ ತರಿಸಿಕೊಳ್ಳುವ ದೊಡ್ಡ ದೇಶಗಳಲ್ಲಿ ಒಂದು. ಅಗ್ಗದ ಶೂ ಕೊಳ್ಳುವಾಗ ಡಬ್ಬಿಯ ಮೇಲೆ ಕಲ್ನಾರು ಇಲ್ಲ ಎಂದು ಬರೆದಿದೆಯಾ ನೋಡಿ. ಹಳೆಯ ಡ್ರಮ್ ಬಿಚ್ಚಿ ಧೂಳಿಗೆ ಗಾಳಿ ಹೊಡೆಯುವ ಹುಡುಗನ ಮೂಗಿಗೆ ಒಂದು ಬಟ್ಟೆಯೂ ಇರುವುದಿಲ್ಲ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅವನು ಬದುಕಿಕೊಳ್ಳುತ್ತಾನೆ, ಸಮಯ ಐದು ನಿಮಿಷ ಹೆಚ್ಚು ಹೋಗುತ್ತದೆ.

ಬೆಂಜ್ ದಂಪತಿಗಳ ಮುಂದಿನ ದಿನಗಳಲ್ಲಿ ಅಷ್ಟು ರೋಚಕವಾದದ್ದೇನೂ ಇಲ್ಲ. 1903ರಲ್ಲಿ ಕಾರ್ಲ್ ಆಡಳಿತದ ಜೊತೆ ಮನಸ್ತಾಪವಾಗಿ ಕಂಪನಿಯ ನಿತ್ಯದ ಕೆಲಸ ಬಿಟ್ಟ. ಲಾಡೆನ್‌ಬುರ್ಗ್ ಎಂಬ ಸಣ್ಣ ಊರಿಗೆ ಬಂದು ಮಕ್ಕಳ ಜೊತೆ ಇನ್ನೊಂದು ಕಾರ್ಖಾನೆ ಹಾಕಿದರು. ಮೊದಲ ಯುದ್ಧದ ನಂತರ ಜರ್ಮನಿಯ ದುಡ್ಡು ಬೆಲೆ ಕಳೆದುಕೊಂಡಾಗ ಎಲ್ಲರಂತೆ ಇವರಿಗೂ ಪೆಟ್ಟು ಬಿತ್ತು. 1926ರಲ್ಲಿ ಅವರ ಹಳೆ ಕಂಪನಿ ಡೈಮ್ಲರ್ ಜೊತೆ ಸೇರಿಹೋಯಿತು. 1929ರ ಏಪ್ರಿಲಿನಲ್ಲಿ ಕಾರ್ಲ್ ತೀರಿಕೊಂಡ. ಆಮೇಲೆ ಹದಿನೈದು ವರ್ಷ ಬರ್ತಾ ಅದೇ ಮನೆಯಲ್ಲಿ ಇದ್ದಳು.

ಅವಳಿಗೆ ಮರ್ಯಾದೆ ಸಿಕ್ಕಿದ್ದು ವಿಚಿತ್ರ ಹೊತ್ತಿನಲ್ಲಿ. 1944ರ ಮೇ 3, ತೊಂಬತ್ತೈದನೇ ಹುಟ್ಟುಹಬ್ಬದ ದಿನ, ಕಾರ್ಲ್ ಓದಿದ್ದ ಅದೇ ಕಾರ್ಲ್‌ರೂಹೆಯ ತಾಂತ್ರಿಕ ವಿದ್ಯಾಲಯ ಅವಳಿಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಅವಳ ಹರೆಯದಲ್ಲಿ ಹೆಣ್ಣಾಗಿ ಅದರ ಬಾಗಿಲಿನೊಳಗೆ ವಿದ್ಯಾರ್ಥಿಯಾಗಿ ಕಾಲಿಡುವಂತಿರಲಿಲ್ಲ. ಆಗ ಅಧಿಕಾರದಲ್ಲಿದ್ದವರು ನಾಜಿಗಳು, ಹೆಂಗಸಿನ ಜಾಗ ಮನೆ ಮತ್ತು ತೊಟ್ಟಿಲು ಎಂದು ಸಾರುತ್ತಿದ್ದವರು. ಅದೇ ತಿಂಗಳಲ್ಲಿ ಡೈಮ್ಲರ್-ಬೆಂಜ್ ಕಾರ್ಖಾನೆಗಳಲ್ಲಿ ಆಕ್ರಮಿತ ದೇಶಗಳಿಂದ ಎಳೆದು ತಂದ ಸಾವಿರಾರು ಜನ ಬಲವಂತದ ಕೂಲಿ ಮಾಡುತ್ತಿದ್ದರು. ಅವಳ ಹಣದಿಂದ ಬದುಕುಳಿದ ಆ ಪುಟ್ಟ ವರ್ಕ್‌ಶಾಪಿನ ಹೆಸರು ಆ ಗೇಟಿನ ಮೇಲೂ ಇತ್ತು. ಬರ್ತಾಳ ಜೀವನಚರಿತ್ರೆ ಬರೆಯುವವರು ಈ ಸಾಲನ್ನು ಬಿಟ್ಟು ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಪದವಿ ಬಂದ ಎರಡನೇ ದಿನ, ಮೇ 5ಕ್ಕೆ, ಅವಳು ತೀರಿಕೊಂಡಳು. ಸಮಾಧಿ ಲಾಡೆನ್‌ಬುರ್ಗ್‌ನಲ್ಲಿ, ಕಾರ್ಲ್ ಜೊತೆ. 2008ರಿಂದ ಅವಳು ಹೋದ ದಾರಿಗೆ ಬರ್ತಾ ಬೆಂಜ್ ಸ್ಮಾರಕ ಮಾರ್ಗ ಎಂಬ ಅಧಿಕೃತ ಹೆಸರಿದೆ, ಊರೂರಲ್ಲಿ ಫಲಕ ಹಾಕಿದ್ದಾರೆ. ಬೌಶ್‌ಲೋಟ್ ಕೂಡ ಆ ದಾರಿಯಲ್ಲೇ ಸಿಗುತ್ತದೆ.